ದೊರೆಯ ಮೂರನೇ ಕೊಂಬು

ದೊರೆಯ ಮೂರನೇ ಕೊಂಬನ್ನು ಬಾಸ್ಸು ಗರಗಸದಿಂದ ಕೊಯ್ದದ್ದು ಶುದ್ಧ ಭಕ್ತಿಯಿಂದ. ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವ ಕೆಲಸದ ಆ ಸಾಧು ಮನುಷ್ಯ ಅದುವರೆಗೆ ಒಂದು ಕೋಳಿಯನ್ನೂ ಕೊಯ್ದವನಲ್ಲ. ಹಬ್ಬದ ಕುರಿ ಕಡಿಯುವ ಹೊತ್ತಿಗೆ ಏನೋ ನೆಪ ತೆಗೆದು ಬ್ರೆಡ್ಡು ತರಲು ಹೋಗಿಬಿಡುತ್ತಿದ್ದ.

ಸಿನಿಮಾದವರು ಬಂದು ಹೋದ ಮೇಲೆ ಅವರ ಸಾಮಾನು ಮರುಭೂಮಿಯಂಚಿನ ವಾರ್ಜಾಜಾತ್ ಊರಿಗೇ ಉಳಿಯುತ್ತದೆ. ಯಾರದೋ ಕೋಳಿಗೂಡಿಗೆ ಫರೋ ಅರಮನೆಯ ಬಾಗಿಲು, ಇನ್ಯಾರದೋ ಕ್ಷೌರದಂಗಡಿಯಲ್ಲಿ ಚಕ್ರವರ್ತಿಯ ಸಿಂಹಾಸನ. ಬಾಸ್ಸುವಿನ ಪಾಲಿಗೆ ಬಂದದ್ದು ‘ಉಪ್ಪಿನ ದೊರೆ’ ಚಿತ್ರದ ಶಿರಸ್ತ್ರಾಣ. ಒಂಬತ್ತು ವರ್ಷದ ಹಿಂದೆ ತನ್ನ ಸೈಕಲ್ಲನ್ನು ಗುಜರಿಯವನಿಗೆ ಕೊಟ್ಟು ಅದನ್ನು ಮನೆಗೆ ತಂದಿದ್ದ. ಅಂದಿನಿಂದ ಕಚೇರಿಗೆ ನಡೆದೇ ಹೋಗುತ್ತಿದ್ದ. ಅದೇ ಚಿತ್ರದ ಮುರಿದ ಕತ್ತಿ, ರಾಕ್ಷಸನ ಒಂದು ಕಿವಿ, ಮಾಟಗಾತಿಯ ಎಡಗಾಲಿನ ಚಪ್ಪಲಿ ಎಲ್ಲ ಒಂದೊಂದಾಗಿ ಬಂದು ಮಲಗುವ ಕೋಣೆಯಲ್ಲಿ ಸೇರಿಕೊಂಡವು. ಹೆಂಡತಿ ಇಜ್ಜಾ ತನ್ನ ಹಾಸಿಗೆಯನ್ನು ಪಡಸಾಲೆಗೆ ಎಳೆದುಕೊಂಡಳು.

ಬರೀ ಸಿನಿಮಾ ನೋಡಿ ಸುಮ್ಮನಾಗಿದ್ದರೆ ಬಾಸ್ಸು ಸುಖವಾಗಿರುತ್ತಿದ್ದ. ಆದರೆ ಅವನು ಪುಸ್ತಕವನ್ನೂ ಓದಿದ್ದ. ಐದು ಸಂಪುಟ, ನಾಲ್ಕು ಸಲ. ಪುಸ್ತಕದಲ್ಲಿ ದೊರೆ ಕಲ್ವೇನನಿಗೆ ಎರಡೇ ಕೊಂಬು. ಒಂದು ಅವನು ಕಳೆದುಕೊಂಡ ಸಮುದ್ರಕ್ಕೆ, ಇನ್ನೊಂದು ಗೆದ್ದುಕೊಂಡ ಮರುಭೂಮಿಗೆ. ಸಿನಿಮಾದವರು ಶಿರಸ್ತ್ರಾಣದ ಮೇಲೆ ಮೂರನೆಯದೊಂದನ್ನು ನೆಟ್ಟಿದ್ದರು. ಬಾಸ್ಸು ಒಂಬತ್ತು ವರ್ಷ ಹಲ್ಲು ಕಚ್ಚಿ ಸಹಿಸಿದ. ಹೋದ ತಿಂಗಳು ಮೂರನೇ ಸಂಪುಟವನ್ನು ಮತ್ತೆ ಮುಗಿಸಿದ ದಿನ ತಡೆಯಲಾಗದೆ ಗರಗಸ ಹಿಡಿದ. ಕೊಯ್ದ ಜಾಗವನ್ನು ನಯವಾಗಿ ಉಜ್ಜಿ, ಬಣ್ಣ ಬಳಿದು, ಅಲ್ಲಿ ಕೊಂಬಿತ್ತೆಂದು ಯಾರಿಗೂ ತಿಳಿಯದಂತೆ ಮಾಡಿ, ಜೀವನದಲ್ಲಿ ಮೊದಲ ಸಲ ನೆಮ್ಮದಿಯಿಂದ ನಿದ್ದೆ ಮಾಡಿದ.

ಈ ಕೊಂಬಿನ ವಿಷಯದಲ್ಲಿ ಅವನ ಖಾಯಂ ಎದುರಾಳಿ ಜಾಯಿದ್. ಜಾಯಿದ್ ಮೂರು ಚಕ್ರದ ಸಾಮಾನು ಗಾಡಿ ಓಡಿಸುತ್ತಿದ್ದ, ಸಿನಿಮಾದವರು ಬಂದಾಗ ಜನಜಂಗುಳಿಯಲ್ಲಿ ನಿಲ್ಲುತ್ತಿದ್ದ. ಬೇರೆಬೇರೆ ಚಿತ್ರಗಳಲ್ಲಿ ಒಟ್ಟು ಹನ್ನೊಂದು ಸಲ ಸತ್ತಿದ್ದ. ‘ಉಪ್ಪಿನ ದೊರೆ’ಯಲ್ಲಿ ದೊರೆಯ ಪಕ್ಕ ಈಟಿ ಹಿಡಿದು ನಿಂತವನು ಅವನೇ, ಪರದೆಯ ಮೇಲೆ ಮೊಣಕೈ ಮಾತ್ರ ಕಾಣುತ್ತಿತ್ತು. ಪುಸ್ತಕದ ಮೊದಲ ಪುಟವನ್ನೂ ಅವನು ತೆರೆದವನಲ್ಲ.

“ಪುಸ್ತಕ ಬರೆದೋಳು ಅಲ್ಲಿದ್ಲೇನೋ? ನಾನಿದ್ದೆ!” ಎಂದು ಜಾಯಿದ್ ಚಹಾದಂಗಡಿಯಲ್ಲಿ ಮೇಜು ಕುಟ್ಟುತ್ತಿದ್ದ. “ಈ ಎರಡು ಕಣ್ಣಲ್ಲಿ ಮೂರು ಕೊಂಬು ನೋಡಿದೀನಿ. ನಿಂಗೆ ಕಾಗದ ಹೆಚ್ಚೋ, ನನ್ನ ಕಣ್ಣು ಹೆಚ್ಚೋ?”

“ಅಯ್ಯೋ ಕತ್ತೆ, ದೊರೆಯನ್ನ ಹುಟ್ಟಿಸಿದ್ದೇ ಆಕೆ ಕಣೋ!”

“ಹುಟ್ಟಿಸಿದ್ರೆ ಏನು? ನನ್ನನ್ನ ನಮ್ಮಮ್ಮ ಹುಟ್ಟಿಸಿದ್ಲು. ನಾನು ಈಗ ಹೇಗಿದೀನಿ ಅಂತ ಅವಳಿಗೇನು ಗೊತ್ತು?”

ಬಾಸ್ಸು ಚಹಾದ ದುಡ್ಡು ಮೇಜಿನ ಮೇಲಿಟ್ಟು ಎದ್ದುಹೋಗುತ್ತಿದ್ದ.

ಶನಿವಾರ ಬೆಳಿಗ್ಗೆ ಜಾಯಿದ್ ಒಂದು ಚೀಟಿ ಹಿಡಿದು ಚಹಾದಂಗಡಿಗೆ ಓಡಿಬಂದ. ಸ್ಟುಡಿಯೋ ಗೇಟಿಗೆ ಅಂಟಿಸಿದ್ದನ್ನು ಕಿತ್ತು ತಂದಿದ್ದ. ‘ಉಪ್ಪಿನ ದೊರೆ’ಯ ಎರಡನೇ ಭಾಗ ತೆಗೆಯಲು ಜನ ಬಂದಿದ್ದಾರೆ, ಮೊದಲ ಭಾಗದ ಅಸಲಿ ಶಿರಸ್ತ್ರಾಣ ಬೇಕಾಗಿದೆ. ಇಂದು ಮಧ್ಯಾಹ್ನ ಒಂದು ಗಂಟೆಯೊಳಗೆ ದೊಡ್ಡ ಹೋಟೆಲಿಗೆ ಅದನ್ನು ತಂದವರು ಪುಸ್ತಕದ ಲೇಖಕಿ ಮದಾಂ ಬ್ರೆನೆಲ್ ಅವರ ಜೊತೆ ಕೂತು ಊಟ ಮಾಡಬಹುದು. ಕೆಳಗೆ ಶಿರಸ್ತ್ರಾಣದ ದೊಡ್ಡ ಚಿತ್ರ. ಚಿತ್ರದಲ್ಲಿ ಮೂರು ಕೊಂಬು.

ಬಾಸ್ಸುವಿನ ಕೈಯಲ್ಲಿದ್ದ ಲೋಟ ಚೀಟಿಯ ಮೇಲೆಯೇ ಮಗುಚಿತು. ಮದಾಂ ಬ್ರೆನೆಲ್! ಒಂಬತ್ತು ವರ್ಷದಿಂದ ಅವನು ಒಂದು ಫ್ರೆಂಚ್ ವಾಕ್ಯವನ್ನು ಬಾಯಿಪಾಠ ಮಾಡಿಟ್ಟಿದ್ದ: ‘ಮದಾಂ, ನಿಮ್ಮ ಪುಸ್ತಕವನ್ನು ಸರಿಯಾಗಿ ಓದಿದವನೊಬ್ಬ ಈ ಊರಲ್ಲಿದ್ದಾನೆ.’ ಅದನ್ನು ಆಕೆಯ ಮುಖ ನೋಡಿ ಒಂದು ಸಲ ಹೇಳಿಬಿಟ್ಟರೆ ಸಾಕು, ಮತ್ತೆ ಮುದ್ರೆ ಒತ್ತುತ್ತ ಸಾಯಲು ಅವನು ಸಿದ್ಧನಿದ್ದ.

“ಚಿತ್ರದಲ್ಲಿ ಇರೋ ಹಾಗೇ ಇರ್ಬೇಕು ಅಂತೆ. ಒಂದು ಗೀರು ಹೆಚ್ಚುಕಮ್ಮಿ ಆದ್ರೂ ಪೊಲೀಸಿಗೆ ಕೊಡ್ತಾರಂತೆ,” ಎಂದ ಜಾಯಿದ್. ಪೊಲೀಸಿನ ಮಾತು ಚೀಟಿಯಲ್ಲಿರಲಿಲ್ಲ. ಆದರೆ ಬಾಸ್ಸು ಅಷ್ಟರಲ್ಲಿ ಮನೆ ಕಡೆ ಓಡುತ್ತಿದ್ದ.

“ಇಜ್ಜಾ! ಆ ಕೊಂಬೆಲ್ಲಿ?”

“ಯಾವ ಕೊಂಬು? ನೀವು ಕೊಯ್ದು ಬಿಸಾಕಿದ್ದಾ? ಲಾಲ್ಲಾ ತೂದಾಗೆ ಕೊಟ್ಟೆ. ಅವಳ ಮೇಕೆಗೆ ಯಾರದೋ ದೃಷ್ಟಿ ತಗುಲಿ ಹಾಲು ಬತ್ತಿತ್ತಂತೆ. ಕೊಟ್ಟಿಗೆ ಬಾಗಿಲಿಗೆ ಕಟ್ಟೋಕೆ ತಗೊಂಡೋದ್ಲು.”

ಲಾಲ್ಲಾ ತೂದಾ ಪಕ್ಕದ ಮನೆಯ ಮುದುಕಿ, ಬೀದಿಗೆಲ್ಲ ಹಿರಿಯಳು. ಬಾಸ್ಸು ಕೊಟ್ಟಿಗೆಗೆ ನುಗ್ಗಿದಾಗ ಬಾಗಿಲ ಮೇಲೆ ಬರಿಯ ದಾರ ನೇತಾಡುತ್ತಿತ್ತು. ಕೆಳಗೆ ಮೇಕೆ ಕಣ್ಣು ಅರೆಮುಚ್ಚಿ ಏನನ್ನೋ ಮೆಲುಕು ಹಾಕುತ್ತಿತ್ತು. ಅದರ ತುಟಿಯ ಅಂಚಿನಲ್ಲಿ ದೊರೆಯ ಚಿನ್ನದ ಬಣ್ಣ ಅಂಟಿತ್ತು. ಕೊಂಬನ್ನು ಮಾಡಿದ್ದು ನೊರೆರಬ್ಬರಿನಿಂದ, ಮೇಕೆಗೆ ಅದು ಚೆನ್ನಾಗಿಯೇ ರುಚಿಸಿತ್ತು.

“ನಿನ್ನ ಕೊಂಬು ತಿಂದು ನನ್ನ ಮೇಕೆಗೆ ಹೊಟ್ಟೆ ಕೆಟ್ರೆ ನೀನೇ ಜವಾಬ್ದಾರಿ,” ಎಂದು ಲಾಲ್ಲಾ ತೂದಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಯಾಕೆ ಹಾಗೆ ಬೆವರ್ತಿದೀಯ? ಏನಾಯ್ತು ಹೇಳು.”

ಹೇಳಿದ್ದೇ ತಪ್ಪಾಯಿತು. ಕಾಲು ಗಂಟೆಯಲ್ಲಿ ಬೀದಿಯ ಅರ್ಧ ಜನ ಬಾಸ್ಸುವಿನ ಬೆನ್ನ ಹಿಂದಿದ್ದರು. ಎಲ್ಲರೂ ಸೇರಿ ಅವನನ್ನೂ ಶಿರಸ್ತ್ರಾಣವನ್ನೂ ಮಾಲ್ಲೆಮ್ ಇಶ್ಶುವಿನ ಅಂಗಳಕ್ಕೆ ಎಳೆದೊಯ್ದರು. ಇಶ್ಶು ಸಿನಿಮಾದವರಿಗೆ ಕೋಟೆ ಕಟ್ಟಿಕೊಡುವ ಗಾರೆ ಮೇಸ್ತ್ರಿ, ಮಾಲ್ಲೆಮ್ ಎಂದರೂ ಮೇಸ್ತ್ರಿಯೇ. ಎರಡು ದಿನದಲ್ಲಿ ರೋಮ್ ನಗರ ಎಬ್ಬಿಸಬಲ್ಲ, ಅವನದೇ ಮನೆಯ ಮಾಳಿಗೆ ಮಾತ್ರ ನಾಲ್ಕು ವರ್ಷದಿಂದ ಸೋರುತ್ತಿತ್ತು.

“ಕೊಂಬು ತಾನೆ? ಎಷ್ಟು ಹಳೇದಿರ್ಬೇಕು?” ಎಂದ ಇಶ್ಶು, ಗಾರೆ ಕಲಸುತ್ತ.

“ಒಂಬತ್ತು ವರ್ಷ, ಮಾಲ್ಲೆಮ್.”

ಇಶ್ಶು ಕರಣೆ ಕೆಳಗಿಟ್ಟ. “ಒಂಬತ್ತಾ? ಎರಡು ಸಾವಿರ ವರ್ಷ ಹೇಳು, ಕಣ್ಣು ಮುಚ್ಚಿ ಮಾಡ್ತೀನಿ. ಮೂರು ಸಾವಿರ ಹೇಳು, ಬಿರುಕು ಸಮೇತ ಕೊಡ್ತೀನಿ. ಒಂಬತ್ತು ವರ್ಷದ ಹಳೇದನ್ನ ಇವತ್ತಿನವರೆಗೆ ಯಾರೂ ಕೇಳಿಲ್ಲಪ್ಪ.”

ಆದರೂ ಕಸುಬುದಾರ. ಖರ್ಜೂರದ ನಾರು ಸುತ್ತಿ, ಗಾರೆ ಮೆತ್ತಿ, ಕೊಂಬು ತಿದ್ದಿದ. ಅದನ್ನು ಕೂರಿಸಬೇಕು ಎನ್ನುವಾಗ ಜಗಳ ಹತ್ತಿಕೊಂಡಿತು. ಚೀಟಿಯ ಚಿತ್ರದ ಮೇಲೆ ಚಹಾ ಚೆಲ್ಲಿ ಕೊಂಬೆಲ್ಲ ಕಲಸಿಹೋಗಿತ್ತು. ಅಲ್ಲಿದ್ದವರೆಲ್ಲ ಆ ಸಿನಿಮಾದಲ್ಲಿ ಕೆಲಸ ಮಾಡಿದವರೇ, ಎಲ್ಲರಿಗೂ ಎಲ್ಲ ನೆನಪಿತ್ತು.

“ಹಿಂದ್ಗಡೆ ಇತ್ತು,” ಎಂದಳು ಲಾಲ್ಲಾ ತೂದಾ. “ದೊರೆ ಸತ್ತಾಗ ಎಂಟು ಸಲ ಅತ್ತೋಳು ನಾನು. ಒಂದೊಂದ್ಸಲಾನೂ ಅದು ದಿಂಬಿಗೆ ಚುಚ್ಚಿಕೊಳ್ತಿತ್ತು.”

“ಮುಂದ್ಗಡೆ, ನೆತ್ತಿ ಮೇಲೆ! ಎಡಕ್ಕೆ ವಾಲಿತ್ತು,” ಎಂದು ಜಾಯಿದ್ ಕೂಗಿದ. “ನನ್ನ ಮೊಣಕೈಗೆ ತಾಗ್ತಿತ್ತು ಕಣ್ರೀ! ಮೊಣಕೈ ಪರದೆ ಮೇಲಿದೆ. ನಿಮ್ದು ಯಾರ್ದಾದ್ರೂ ಒಂದು ಉಗುರಿದೆಯಾ?”

ಉಗುರು ಯಾರದೂ ಇರಲಿಲ್ಲ. ಕೊಯ್ದವನಿಗೆ ಜಾಗ ಗೊತ್ತಿರಬೇಕಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. “ಕೊಯ್ದಿದ್ದು ನಡುನೆತ್ತಿಯಲ್ಲಿ...” ಎಂದು ಬಾಸ್ಸು ಮೂರು ಸಲ ಬಾಯಿ ತೆರೆದ. “ನೀನು ಸುಮ್ನಿರು, ನೀನು ಪುಸ್ತಕದೋನು,” ಎಂದು ಮೂರು ಸಲವೂ ಅವನ ಬಾಯಿ ಮುಚ್ಚಿಸಿದರು. ಕೊನೆಗೆ ಕೊಂಬು ನೆತ್ತಿಯ ಮೇಲೆ ಎಡಕ್ಕೆ ವಾಲಿ ಕೂತಿತು. ಇಶ್ಶು ಅದಕ್ಕೆ ಬಣ್ಣ ಬಳಿದು, ತಣ್ಣಗಿನ ಚಹಾ ಸವರಿ, ಒಲೆಯ ಮಸಿ ಒರೆಸಿ, ದೂರ ಹೋಗಿ ನೋಡಿದ.

“ನಾಳೆವರೆಗೆ ಅಲುಗಾಡಿಸಬೇಡ, ಒಣಗಲಿ.”

ಗಂಟೆ ಆಗಲೇ ಹನ್ನೆರಡೂವರೆ.

ಕೈಯಲ್ಲಿ ಹಿಡಿದರೆ ನಡುಗುತ್ತದೆ, ಗಾಡಿಯಲ್ಲಿಟ್ಟರೆ ಕುಲುಕುತ್ತದೆ. ಬೇರೆ ದಾರಿ ಕಾಣದೆ ಬಾಸ್ಸು ಶಿರಸ್ತ್ರಾಣವನ್ನು ತಲೆಗೇ ಹಾಕಿಕೊಂಡು ಜಾಯಿದನ ಗಾಡಿಯ ಹಿಂದೆ, ಈರುಳ್ಳಿ ಮೂಟೆಗಳ ನಡುವೆ, ಕತ್ತು ಸೆಟೆದು ಕೂತ. “ಸಾಕ್ಷಿಗೆ ನಾನೂ ಒಳಗೆ ಬರ್ತೀನಿ. ಊಟದ ಆಸೆಗಲ್ಲ, ಸತ್ಯಕ್ಕೋಸ್ಕರ,” ಎಂದು ಜಾಯಿದ್ ಗಾಡಿ ಬಿಟ್ಟ.

ವೃತ್ತದಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದ. ಪೊಲೀಸಿನವನು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಮೇಲೆ ನೋಡಿ, ಗಲ್ಲ ಕೆರೆದುಕೊಂಡ.

“ಈ ಕೊಂಬು ಬಲಕ್ಕೆ ವಾಲಿತ್ತಲ್ವಾ? ನಾನು ಕೋಟೆ ಮೇಲೆ ಬಿಲ್ಲು ಹಿಡ್ಕೊಂಡು ನಿಂತಿದ್ದೆ.”

“ನೀವು ಆ ಕಡೆಯಿಂದ ನೋಡಿರ್ತೀರಿ ಸಾರ್,” ಎಂದ ಜಾಯಿದ್. ಅದು ನ್ಯಾಯವೆನ್ನಿಸಿ ಪೊಲೀಸಿನವನು ದಾರಿ ಬಿಟ್ಟ.

ಹೋಟೆಲಿನ ತೋಟದಲ್ಲಿ ಮದಾಂ ಬ್ರೆನೆಲ್ ಒಂದು ದುಂಡು ಮೇಜಿನ ಮುಂದೆ ಕೂತಿದ್ದಳು. ಸಣ್ಣಗಿನ ಮುದುಕಿ, ಹುಲ್ಲಿನ ಟೋಪಿ, ತೊಡೆಯ ಮೇಲೆ ದೊಡ್ಡದೊಂದು ಚೀಲ. ಮುಂದೆ ಸೂಪು ಹಬೆಯಾಡುತ್ತಿತ್ತು. ಬಾಸ್ಸು ಶಿರಸ್ತ್ರಾಣ ತೆಗೆದು ಎರಡೂ ಕೈಯಿಂದ ಆಕೆಯ ಮುಂದಿಟ್ಟ. ಒಂಬತ್ತು ವರ್ಷದ ವಾಕ್ಯ ಗಂಟಲಿಗೆ ಬಂತು.

“ಮದಾಂ, ನಿಮ್ಮ ಪುಸ್ತಕವನ್ನು...”

ಮದಾಂ ಅವನ ಕಡೆ ನೋಡಲಿಲ್ಲ. ಮೂರನೇ ಕೊಂಬನ್ನೇ ನೋಡುತ್ತಿದ್ದಳು. ಮುಖ ಬರಬರುತ್ತ ಬಿಗಿಯಿತು. ಒಂದು ಬೆರಳಿನಿಂದ ಅದನ್ನು ಮೆಲ್ಲಗೆ ಮುಟ್ಟಿದಳು. ಕೊಂಬು ಒಂದು ಸಲ ಓಲಾಡಿ ಸೂಪಿನೊಳಗೆ ಧುಮುಕಿತು.

ಮಾಣಿ ಬಟ್ಟೆ ಹಿಡಿದು ಓಡಿಬಂದ. ಮದಾಂ ಸೂಪನ್ನು ಲೆಕ್ಕಿಸದೆ ಶಿರಸ್ತ್ರಾಣವನ್ನು ಕಣ್ಣಿನ ಹತ್ತಿರ ಹಿಡಿದಳು. ಒದ್ದೆ ಗಾರೆಯ ಜೊತೆ ಬಣ್ಣವೂ ಎದ್ದುಬಂದಿತ್ತು. ಅದರ ಕೆಳಗೆ ಗರಗಸದ ಗುರುತು ನೇರವಾಗಿ, ನಯವಾಗಿ ಕಾಣುತ್ತಿತ್ತು.

“ಇದನ್ನ ಯಾರೋ ಕೊಯ್ದಿದ್ದಾರೆ,” ಎಂದಳು ಮದಾಂ. ದನಿ ನಡುಗುತ್ತಿತ್ತು. “ಯಾರು? ನನಗೆ ಈಗಲೇ ಗೊತ್ತಾಗಬೇಕು. ಯಾರು ಕೊಯ್ದಿದ್ದು?”

ಬಾಸ್ಸುವಿನ ಕಣ್ಣ ಮುಂದೆ ಪೊಲೀಸು, ಬೇಡಿ, ಕೆಲಸದಿಂದ ತೆಗೆದ ಕಾಗದ ಎಲ್ಲ ಒಂದರ ಹಿಂದೊಂದು ಹಾದುಹೋದವು. ಹೆದರಿದವನಿಗೆ ಮೊದಲು ಸಿಗುವುದು ಪಕ್ಕದಲ್ಲಿ ನಿಂತವನೇ. ಅವನು ಬೆರಳು ಚಾಚಿದ.

“ಇವನು, ಮದಾಂ! ಈ ಜಾಯಿದ್! ನಾನು ಮುಟ್ಟಿಯೂ ಇಲ್ಲ. ಪುಸ್ತಕದಲ್ಲಿ ಎರಡೇ ಕೊಂಬು, ಎರಡೇ ಕೊಂಬು ಅಂತ ಬಡ್ಕೊಂಡು ಇವನೇ ಕೊಯ್ದ. ನಾನು ಸಿನಿಮಾದಲ್ಲಿದ್ದ ಹಾಗೇ ಇರ್ಲಿ ಅಂತ ಮತ್ತೆ ಹಚ್ಚಿಸಿದೆ!”

ಮದಾಂ ಎದ್ದಳು. ಚೀಲಕ್ಕೆ ಕೈಹಾಕಿ ಒಂದು ಸಣ್ಣ ಗರಗಸವನ್ನು ಹೊರಗೆಳೆದಳು. ಜಾಯಿದ್ ಎರಡು ಹೆಜ್ಜೆ ಹಿಂದೆ ಸರಿದ.

“ಈ ದರಿದ್ರ ಮೂರನೇ ಕೊಂಬನ್ನ ನನ್ನ ಕೈಯಾರೆ ಕೊಯ್ಯಬೇಕು ಅಂತ ಊರಿಂದ ಇದನ್ನ ಹೊತ್ತು ತಂದೆ,” ಎಂದಳು ಮದಾಂ. ಕಣ್ಣಲ್ಲಿ ನೀರಾಡುತ್ತಿತ್ತು. “ಎರಡನೇ ಭಾಗದಲ್ಲಿ ಎಲ್ಲ ಪುಸ್ತಕದ ಪ್ರಕಾರವೇ ಆಗಬೇಕು ಅಂತ ಒಂಬತ್ತು ವರ್ಷ ಹೊಡೆದಾಡಿ ಗೆದ್ದಿದ್ದೀನಿ. ಇಷ್ಟು ದೂರದಲ್ಲಿ, ಯಾರೂ ಹೇಳದೆ, ನನಗಿಂತ ಮೊದಲೇ ಇದನ್ನ ಕೊಯ್ದ ಓದುಗ ಒಬ್ಬ ಇದ್ದಾನಲ್ಲ! ಬನ್ನಿ ಅಪ್ಪಾ, ನನ್ನ ಪಕ್ಕದಲ್ಲಿ ಕೂತ್ಕೊಳ್ಳಿ.”

ಹನ್ನೊಂದು ಸಲ ಸತ್ತ ಅನುಭವವಿದ್ದ ಜಾಯಿದನಿಗೆ ನಟನೆ ಕಷ್ಟವಾಗಲಿಲ್ಲ. ಎದೆಯ ಮೇಲೆ ಕೈಯಿಟ್ಟು, ತಲೆ ಬಾಗಿಸಿ, ಕುರ್ಚಿ ಎಳೆದುಕೊಂಡು ಕೂತ. “ನನ್ನ ಕೈಲಿ ಸಹಿಸೋಕಾಗ್ಲಿಲ್ಲ ಮದಾಂ,” ಎಂದ.

“ಮದಾಂ, ಮದಾಂ! ಕೊಯ್ದಿದ್ದು ನಾನು!” ಎಂದು ಬಾಸ್ಸು ಕಿರುಚಿದ. “ಐದು ಸಂಪುಟ ನಾಲ್ಕು ಸಲ ಓದಿದ್ದೀನಿ! ಸುಳ್ಳು ಹೇಳಿದೆ, ಹೆದರಿ ಸುಳ್ಳು ಹೇಳಿದೆ!”

ಮದಾಂ ಅವನನ್ನು ಕನಿಕರದಿಂದ ನೋಡಿದಳು. ಊಟ ತಪ್ಪಿದವರು ಹೀಗೆಲ್ಲ ಹೇಳುವುದನ್ನು ಆಕೆ ಬೇಕಾದಷ್ಟು ಕಂಡಿದ್ದಳು. ತಾನೇ ಹಚ್ಚಿಸಿದೆ ಎಂದು ಅವನು ಹೇಳಿದ ಗಾರೆಯ ಕೊಂಬಂತೂ ಸೂಪಿನಲ್ಲಿ ಇನ್ನೂ ಅರ್ಧ ಮುಳುಗಿ ನಿಂತಿತ್ತು.

“ಬೇಜಾರು ಮಾಡ್ಕೋಬೇಡಿ,” ಎಂದಳು ಮೆಲ್ಲಗೆ. “ಸಿನಿಮಾ ಮೆಚ್ಚಿದವರನ್ನ ನಾನು ಬೈಯಲ್ಲ.” ಚೀಲದಿಂದ ಮೊದಲನೇ ಸಂಪುಟ ತೆಗೆದು, ಒಳಪುಟದಲ್ಲಿ ಏನೋ ಬರೆದು, ಅವನ ಕೈಗಿಟ್ಟಳು. ಆಕೆಯ ಕೈಬರಹ ದುಂಡಗಿತ್ತು: ‘ಇನ್ನೂ ಓದಿರದ ಗೆಳೆಯನಿಗೆ.’

ಜಾಯಿದ್ ಬ್ರೆಡ್ಡು ಮುರಿದು ಆಲಿವ್ ಎಣ್ಣೆಯಲ್ಲಿ ಅದ್ದುತ್ತ ತಲೆಯೆತ್ತಿದ.

“ಓದೋ ಬಾಸ್ಸು, ನಾಚ್ಕೋಬೇಡ. ಸಿನಿಮಾಕ್ಕಿಂತ ಪುಸ್ತಕಾನೇ ಚೆನ್ನಾಗಿದೆ.”