ಸಾಂಗ್ಲಿಯ ದೊಡ್ಡ ವ್ಯಾಪಾರಿ

ಆದಾಯ ತೆರಿಗೆಯವರಿಗೆ ಇನ್ನು ಒಂದು ಪೈಸೆಯನ್ನೂ ಹೆಚ್ಚಿಗೆ ಕೊಡುವುದಿಲ್ಲ ಎಂದು ಎಂಬತ್ನಾಲ್ಕನೇ ಇಸವಿಯಲ್ಲಿ ಶಪಥ ಮಾಡಿದೆ. ನಿಪ್ಪಾಣಿಯಲ್ಲಿ ನನ್ನದು ತಂಬಾಕಿನ ವ್ಯಾಪಾರ. ಕೆಳಗೆ ಅಂಗಡಿ, ಮೇಲೆ ಮನೆ, ಎರಡಕ್ಕೂ ಒಂದೇ ಫೋನು. ಅದರ ಇಡೀ ಬಿಲ್ಲನ್ನು ಅಂಗಡಿಯ ಖರ್ಚಿಗೆ ಹಾಕಿಬಿಟ್ಟೆ. ಹೆಂಡತಿ ಸುಗಂಧಾ ವಾರಕ್ಕೆರಡು ಸಲ ಸಾಂಗ್ಲಿಗೆ, ತನ್ನ ತವರಿಗೆ, ಟ್ರಂಕ್ ಕಾಲ್ ಮಾಡುವುದು ಸರ್ಕಾರಕ್ಕೆ ಹೇಗೆ ಗೊತ್ತಾಗಬೇಕು?

ಮೂರು ವರ್ಷ ಗೊತ್ತಾಗಲಿಲ್ಲ. ಆಮೇಲೆ ನೋಟೀಸು ಬಂತು: ಫೋನಿನ ಬಿಲ್ಲುಗಳೊಂದಿಗೆ ಹಾಜರಾಗಬೇಕು.

ಅಂದಿನಿಂದ ಪೋಸ್ಟಮನ್ನನ ಸೈಕಲ್ ಗಂಟೆ ಕೇಳಿದರೆ ತಂಬಾಕಿನ ಚೀಲದ ಹಿಂದೆ ಕೂರುತ್ತಿದ್ದೆ. ಸುಗಂಧಾ ನನ್ನ ಅವಸ್ಥೆ ನೋಡಿ, "ಅರ್ಧಾ ಮನಿದು, ಅರ್ಧಾ ಅಂಗಡಿದು ಅಂತ ಖರೇ ಹೇಳಿಬಿಡ್ರಿ" ಎಂದಳು. ಕಾಯ್ದೆ ನಿನಗೇನು ತಿಳಿಯುತ್ತದೆ ಎಂದು ಗದರಿಸಿ ತೆರಿಗೆ ಕಚೇರಿಗೆ ಹೊರಟೆ.

ಅಧಿಕಾರಿ ಬಿಲ್ಲುಗಳ ಮೇಲೆ ಬೆರಳಾಡಿಸಿ, ಸಾಂಗ್ಲಿಯ ಒಂದೇ ನಂಬರಿಗೆ ಇಷ್ಟೊಂದು ಕಾಲ್ ಯಾಕೆ, ಅಲ್ಲಿರುವವರು ಯಾರು ಎಂದು ಕೇಳಿದರು.

"ದೊಡ್ಡ ವ್ಯಾಪಾರಿ ಅದಾರ್ರಿ ಸಾಹೇಬ್ರ."

"ಎಷ್ಟ ಮಾಲು ಕೊಟ್ಟೀರಿ ಅವರಿಗೆ?"

"ಇನ್ನೂ ಮಾತುಕತಿ ನಡದೈತ್ರಿ."

"ಮೂರು ವರ್ಷದಿಂದ?"

ಅಧಿಕಾರಿ ಸಾಂಗ್ಲಿಯ ಆ ನಂಬರಿಗೇ ಟ್ರಂಕ್ ಕಾಲ್ ಬುಕ್ ಮಾಡಿದರು. ಅದು ಸಿಗುವವರೆಗಿನ ಅರ್ಧ ಗಂಟೆಯಲ್ಲಿ ನಾನು ಮನಸ್ಸಿನಲ್ಲೇ ಎರಡು ಸಲ ಜೈಲಿಗೆ ಹೋಗಿ ಬಂದೆ. ಕೊನೆಗೂ ಫೋನು ಗಣಗಣಿಸಿತು. ನಿಪ್ಪಾಣಿಯ ತವನಪ್ಪನವರ ಜೊತೆ ನಿಮ್ಮ ವ್ಯವಹಾರ ಏನು ಎಂದು ಅಧಿಕಾರಿ ಕೇಳಿದರು. ನಮ್ಮ ಅತ್ತೆಯ ದನಿ ನನಗೂ ಸ್ಪಷ್ಟವಾಗಿ ಕೇಳಿತು.

"ಮಗಳ್ನ ಕೊಟ್ಟೀವ್ರಿ. ಮತ್ತೇನೂ ಕೊಟ್ಟಿಲ್ಲ, ತಗೊಂಡಿಲ್ಲ."

ಮರುಕ್ಷಣವೇ ಆ ದನಿ ಅಳುವಾಯಿತು. ಯಾರೋ ಸಾಹೇಬರು ಫೋನು ಮಾಡಿದ್ದಾರೆಂದರೆ ಅಳಿಯನಿಗೆ ಏನೋ ಆಗಿರಬೇಕು ಎಂದು ಅವರು ಗಾಬರಿಯಾಗಿದ್ದರು. ಅಧಿಕಾರಿ ರಿಸೀವರನ್ನು ನನ್ನ ಕೈಗೆ ಕೊಟ್ಟರು.

"ಅತ್ತಿ, ನಾ ಆರಾಮ ಅದೀನ್ರಿ," ಎಂದೆ. ಆರಾಮ ಇರಲಿಲ್ಲ.

ಸಾಂಗ್ಲಿಯ ಕಾಲ್‌ಗಳೆಲ್ಲ ಕೆಂಪು ಶಾಯಿಯ ಗೀಟು ಬಿದ್ದು ಅಂಗಡಿಯ ಖರ್ಚಿನಿಂದ ಹೊರಬಿದ್ದವು. ತೆರಿಗೆಯ ಮೇಲೆ ದಂಡವೂ ಬಿತ್ತು. ಕೈಮುಗಿದು ಏಳುವಾಗ ಅಧಿಕಾರಿ ತಡೆದರು.

"ಈಗಿನ ಟ್ರಂಕ್ ಕಾಲಿನ ರೊಕ್ಕಾ ಕೊಟ್ಟು ಹೋಗ್ರಿ ತವನಪ್ಪಾರ. ಇದನ್ನ ಬೇಕಾದ್ರ ಅಂಗಡಿ ಖರ್ಚಿಗೆ ಹಚ್ಚಿಕೊಳ್ರಿ, ನಾ ತಕರಾರ ಮಾಡಂಗಿಲ್ಲ."