ಮರಗಪ್ಪೆಗೆ ತೇಗದ ಅರಮನೆ

"ಕಪ್ಪೆಕುಲದಲ್ಲೇ ಯಾರೂ ಕಂಡಿರಬಾರದು, ಅಂಥ ಮನೆ ಕಟ್ಟಿಕೊಡ್ತೀನಿ!" ಎಂದು ಉಳಿರಾಯರು ಊಟದ ಮೇಜಿಗೆ ಗುದ್ದಿ ಘೋಷಿಸಿದರು. ನೀರಿನ ಲೋಟ ಉರುಳಿತು. ಹೆಂಡತಿ ಬಟ್ಟೆ ತಂದು ಒರೆಸಿದರು. ಗಂಡನ ಘೋಷಣೆಗಳಿಗೂ ಒರೆಸುವ ಬಟ್ಟೆಗೂ ಆ ಮನೆಯಲ್ಲಿ ಹಳೆಯ ನಂಟು.

ಉಳಿರಾಯರು ವೃತ್ತಿಯಲ್ಲಿ ಬಡಗಿ. ಹೆಸರು ಓಣಿಯವರು ಇಟ್ಟದ್ದು. ಉಳಿ ಹಿಡಿದರೆ ಅವರ ಕೈ ಬಂಗಾರ, ಕೆಳಗಿಟ್ಟರೆ ಅದೇ ಕೈಗೆ ತುರಿಕೆ! ಕೂತಲ್ಲಿ ಕೂರಲಾರರು, ನಿಂತಲ್ಲಿ ನಿಲ್ಲಲಾರರು. ಹಲ್ಲಿನ ಡಾಕ್ಟರು ಇಕ್ಕಳ ಹಿಡಿದು ಹಲ್ಲು ಕೀಳುತ್ತಿದ್ದಾಗಲೂ ಪಕ್ಕದ ಕಪಾಟಿನ ಸಡಿಲವಾದ ತಿರುಪನ್ನು ಉಗುರಿನಲ್ಲೇ ಬಿಗಿ ಮಾಡಿದ ಮಹಾನುಭಾವರು.

ಕಪ್ಪೆಗಳು ಬಂದದ್ದು ಮಗಳ ಹಟದಿಂದ. ಸಾಕಲಾರದೆ ಯಾರೋ ಪ್ರಾಣಿಗಳ ಆಸ್ಪತ್ರೆಯ ಬಾಗಿಲಲ್ಲಿ ಒಂದು ಜೊತೆ ಮರಗಪ್ಪೆಗಳನ್ನು ಬಿಟ್ಟು ಹೋಗಿದ್ದರು. ಎಳೆ ಹಸಿರು ಮೈ, ಬಟ್ಟಲುಗಣ್ಣು. ಅಪ್ಪನ ಜೊತೆ ಆ ದಾರಿಯಲ್ಲಿ ಹೋಗುತ್ತಿದ್ದ ಮಗಳು ಅಲ್ಲೇ ಸೋತುಹೋದಳು. ಡಾಕ್ಟರಮ್ಮ ಒಪ್ಪಿದರು, ಆದರೆ ಸುಮ್ಮನೆ ಒಪ್ಪಲಿಲ್ಲ.

"ಭಾನುವಾರ ಬಂದು ನೋಡ್ತೀನಿ. ಅವಕ್ಕೆ ತಕ್ಕ ಮನೆ ಇದ್ರೆ ನಿನ್ನ ಹತ್ರಾನೇ ಇರಲಿ. ಇಲ್ದಿದ್ರೆ ವಾಪಸ್ ಕರ್ಕೊಂಡು ಹೋಗ್ತೀನಿ. ಆಮೇಲೆ ಅಳಬಾರದು."

"ಅಳೋ ಪ್ರಶ್ನೆ ಎಲ್ಲಿ ಬಂತು?" ಎಂದರು ಉಳಿರಾಯರು. "ಅವು ಮರಗಪ್ಪೆ. ಮರ ನನ್ನ ಇಲಾಖೆ!"

ಮರುದಿನವೇ ಕೆಲಸ ಶುರು. ಹಲಗೆ ಕೊಯ್ಯುತ್ತ ಕೊಯ್ಯುತ್ತಲೇ ಡಾಕ್ಟರಮ್ಮನಿಗೆ ಫೋನ್ ಹಚ್ಚಿದರು. ಗರಗಸದ ಯಂತ್ರ ನಿಲ್ಲಿಸಿ ಮಾತಾಡಬಹುದಿತ್ತು. ಆದರೆ ಅಷ್ಟು ತಾಳ್ಮೆ ಇದ್ದಿದ್ದರೆ ಅವರು ಉಳಿರಾಯರೇ ಅಲ್ಲ.

"ಡಾಕ್ಟರಮ್ಮ, ಮನೆ ಮಾಡ್ತಾ ಇದೀನಿ. ಮುಖ್ಯವಾಗಿ ಏನಿರಬೇಕು?"

ಗರ್ರ್ರ್ ಸದ್ದಿನ ನಡುವೆ ಉತ್ತರ ತೂರಿಬಂತು. "ಮುಖ್ಯವಾಗಿ ತೇಗ ಇರಬೇಕು!"

ಉಳಿರಾಯರ ಹುಬ್ಬು ಹಣೆ ಹತ್ತಿತು. "ತೇಗಾನಾ? ಪೂರ್ತಿನಾ?"

"ಪೂರ್ತಿ! ಗೋಡೆ, ನೆಲ, ಎಲ್ಲಾ ಕಡೆ. ಅದಿಲ್ದೆ ಅವು ಬದುಕೋದೇ ಇಲ್ಲ. ಒಣಗಿದ್ದು... ಗರ್ರ್ರ್..."

"ಒಣಗಿದ್ದೇ ಹಾಕ್ತೀನಿ ಬಿಡಿ! ನನ್ನ ಹತ್ರ ಹಸಿ ಮಾಲು ಇರೋದೇ ಇಲ್ಲ!" ಎಂದು ಫೋನ್ ಜೇಬಿಗಿಳಿಸಿದರು. ಕಪ್ಪೆಗಳ ಮೇಲೆ ಅವರಿಗೆ ಒಮ್ಮೆಲೇ ಗೌರವ ಹುಟ್ಟಿತು. ಅಂಗೈಯಗಲದ ಜೀವ, ಅಭಿರುಚಿ ನೋಡಿ!

ವರ್ಷಗಟ್ಟಲೆ ಮಗುವಿನಂತೆ ಜೋಪಾನ ಮಾಡಿದ್ದ ತೇಗದ ಹಲಗೆಗಳು ಅಟ್ಟದಿಂದ ಇಳಿದವು. ಹೆಂಡತಿ ಕಣ್ಣರಳಿಸಿದರು. ಅವರದು ಇಸ್ತ್ರಿ ಕೆಲಸ. ನಡುಮನೆಯ ಕಿಟಕಿಯ ಪಕ್ಕ ಮೇಜು, ಮೇಜಿನ ಕೆಳಗೆ ಊರವರ ಬಟ್ಟೆಗಳ ರಾಶಿ.

"ಕಪ್ಪೆಗೆ ತೇಗ ಯಾಕ್ರೀ?"

"ಡಾಕ್ಟರಮ್ಮನೇ ಹೇಳಿದ್ದು. ಬೇರೆ ಮರ ಮೂಸೂ ನೋಡಲ್ವಂತೆ."

"ಸರಿಯಾಗಿ ಕೇಳಿಸ್ಕೊಂಡ್ರಾ?"

"ನನಗೇನು ಕಿವಿ ಇಲ್ವಾ?"

ಕಿವಿ ಇತ್ತು. ಅದರ ತುಂಬ ಮರದ ಪುಡಿಯೂ ಇತ್ತು.

ಶನಿವಾರದ ಹೊತ್ತಿಗೆ ಅರಮನೆ ಎದ್ದುನಿಂತಿತು. ಮೊಳೆ ಬಳಸದೆ ಕೂಡಿಸಿದ ಎರಡಂತಸ್ತು! ಮೇಲೆ ಮೊಗಸಾಲೆ, ಕೆಳಗೆ ಮಲಗುವ ಕೋಣೆ, ಕೋಣೆಯಲ್ಲಿ ಬೆಂಕಿಪೊಟ್ಟಣದಷ್ಟು ಮಂಚ. ಕಪ್ಪೆಗೆ ಉಡುಪು ಇಲ್ಲ ಎಂದು ಮಗಳು ನೆನಪಿಸದಿದ್ದರೆ ಬಟ್ಟೆ ತೂಗುಹಾಕುವ ಗೂಟವೂ ಬರುತ್ತಿತ್ತು. ಆಸ್ಪತ್ರೆಯ ಡಬ್ಬಿಯಲ್ಲಿ ಕಪ್ಪೆಗಳ ಜೊತೆ ಇದ್ದ ಒದ್ದೆ ಬಟ್ಟೆಯನ್ನು ಉಳಿರಾಯರು ಎರಡು ಬೆರಳಲ್ಲಿ ಎತ್ತಿ ಆಚೆ ಎಸೆದರು. "ಪಾಪ, ಇದರಲ್ಲಿ ಮಲಗಿದ್ರೆ ನೆಗಡಿ ಆಗಲ್ವಾ?" ಕಪ್ಪೆಗಳನ್ನೂ ಒರೆಸಹೊರಟಿದ್ದರು, ಮಗಳು ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಗೃಹಪ್ರವೇಶ. ಕಪ್ಪೆಗಳು ಮಂಚ ಹತ್ತಲಿಲ್ಲ, ಮೊಗಸಾಲೆ ನೋಡಲಿಲ್ಲ. ಮೂಲೆಯಲ್ಲಿ ಒಂದನ್ನೊಂದು ಒತ್ತಿಕೊಂಡು ಕೂತವು. ಸ್ವಲ್ಪ ಹೊತ್ತಿಗೆ ಮೈಯ ಹೊಳಪು ಮಾಸಿತು.

"ಅಪ್ಪಾ, ಯಾಕೋ ಮಂಕಾಗಿವೆ."

"ಹೊಸ ಮನೆ ಅಲ್ವಾ ಮಗಳೇ, ಸಂಕೋಚ!" ಎಂದರು ಉಳಿರಾಯರು. ಆದರೆ ಅವರ ಕಣ್ಣು ಕಪ್ಪೆಗಳ ಮೇಲಿರಲಿಲ್ಲ. ಬಾಗಿಲ ಚಿಲಕ ಕೂದಲೆಳೆಯಷ್ಟು ಓರೆಯಾಗಿತ್ತು! ಕೂದಲೆಳೆಯೇ, ಬಿಡಬಹುದಿತ್ತು. ಬಿಡಲಾಗಲಿಲ್ಲ. ತಿರುಪು ಸಡಿಲಿಸಿದರು, ಕೀಲು ಬಿಚ್ಚಿದರು, ಕೊನೆಗೆ ಬಾಗಿಲನ್ನೇ ಕಳಚಿ ಬೆಳಕಿಗೆ ಹಿಡಿದು ನೋಡುತ್ತ ನಿಂತರು.

ಬಾಗಿಲಿಲ್ಲದ ಅರಮನೆಯಲ್ಲಿ ಯಾವ ಕಪ್ಪೆ ಕೂತೀತು? ಚಂಗ್! ಇನ್ನೊಂದು ಚಂಗ್! ರಾಜದಂಪತಿಗಳು ನಾಪತ್ತೆ.

ಆಮೇಲೆ ನಡೆದದ್ದು ಹುಡುಕಾಟವಲ್ಲ, ದಂಡಯಾತ್ರೆ. ಉಳಿರಾಯರು ಕಪಾಟಿನ ಬಾಗಿಲು ಕಳಚಿದರು, ಮಂಚದ ಕಾಲು ಬಿಚ್ಚಿದರು. ಮನೆ ಹೋಳು ಹೋಳಾಯಿತು, ಕಪ್ಪೆ ಸಿಗಲಿಲ್ಲ. ಬೆವರೊರೆಸಿಕೊಳ್ಳುತ್ತ ಡಾಕ್ಟರಮ್ಮನಿಗೆ ಫೋನ್ ಮಾಡಿದರು. ಈ ಸಲ ಯಂತ್ರದ ಸದ್ದಿರಲಿಲ್ಲ.

"ಡಾಕ್ಟರಮ್ಮ, ತೇಗದ ಮನೆ ಬಿಟ್ಟು ಓಡಿಹೋದ್ವು!"

"ಯಾವ ಮನೆ?"

"ತೇಗದ್ದು! ನೀವೇ ಹೇಳಿದ್ರಲ್ಲ, ಎಲ್ಲಾ ಕಡೆ ತೇಗ ಇರಬೇಕು ಅಂತ."

ಆ ಕಡೆಯ ದನಿ ಒಂದೇ ಸಲ ಸ್ಫೋಟಿಸಿತು. "ತೇವ! ನಾನು ಹೇಳಿದ್ದು ತೇವ ರಾಯರೇ! ಒದ್ದೆ! ಒಣಗಿದ್ದು ಆಗಬಾರದು ಅಂದೆ! ಮೈ ಒಣಗಿದ್ರೆ ಅವು ಸತ್ತೇ ಹೋಗ್ತವೆ! ಬೇಗ ಹುಡುಕಿ, ಈಗಲೇ ಬರ್ತೀನಿ!"

ಉಳಿರಾಯರ ಕೈಯಿಂದ ತಿರುಪುಳಿ ಜಾರಿತು.

"ಸದ್ಯ, ಅವರು ತೇಗು ಅಂದಿದ್ರೆ ಊರೆಲ್ಲಾ ತೇಗ್ತಾ ತಿರುಗ್ತಿದ್ರಿ!" ಎಂದರು ಇಸ್ತ್ರಿ ಮಾಡುತ್ತಿದ್ದ ಹೆಂಡತಿ. ಹಾಗೆಂದವರಿಗೇ ನಗು ಬರಲಿಲ್ಲ. ಮಗಳ ಗಲ್ಲದ ಮೇಲೆ ಕಣ್ಣೀರು ಇಳಿಯುತ್ತಿತ್ತು. ತನ್ನ ಆತುರಕ್ಕೆ ಎರಡು ಜೀವ ಬಲಿಯಾಗುತ್ತವಲ್ಲ ಎಂದು ಉಳಿರಾಯರು ಹಣೆ ಚಚ್ಚಿಕೊಂಡರು.

"ಒದ್ದೆ ಇರೋ ಕಡೆ ಹೋಗಿರ್ತವೆ ಅಲ್ವಾ ಅಮ್ಮ? ನಮ್ಮನೇಲಿ ಒದ್ದೆ ಎಲ್ಲಿದೆ?" ಎಂದಳು ಮಗಳು.

ಹೆಂಡತಿ ತಮ್ಮ ಕೈ ನೋಡಿಕೊಂಡರು. ಕೈಯಲ್ಲಿ ಕಾದ ಇಸ್ತ್ರಿ ಪೆಟ್ಟಿಗೆ. ಅದರಿಂದ ಗೇಣು ಕೆಳಗೆ, ಆಗಷ್ಟೇ ನೀರು ಚಿಮುಕಿಸಿ ಸುತ್ತಿಟ್ಟಿದ್ದ ಬಟ್ಟೆಗಳ ಗಂಟು. ಮೇಲೆ ವಕೀಲರ ಕರಿಕೋಟು.

"ಅಯ್ಯೋ!" ಎಂದವರೇ ಪೆಟ್ಟಿಗೆಯನ್ನು ದೂರ ಇಟ್ಟು ಪ್ಲಗ್ ಕಿತ್ತರು.

ಉಳಿರಾಯರು ಗಂಟಿನ ಮೇಲೆ ಹುಲಿಯಂತೆ ಎರಗಿದರು.

"ಮುಟ್ಟಿದ್ರೆ ನೋಡಿ!" ಹೆಂಡತಿಯ ಗದರಿಕೆಗೆ ಕಿಟಕಿ ಗಾಜು ನಡುಗಿತು. "ಎಳೆದಾಡಿ ಅವನ್ನ ಅಪ್ಪಚ್ಚಿ ಮಾಡ್ತೀರ. ಕೈ ಕಟ್ಟಿ, ಬಾಯಿ ಮುಚ್ಚಿ, ಗೋಡೆ ಪಕ್ಕ ನಿಂತ್ಕೊಳ್ಳಿ!"

ಉಳಿರಾಯರು ನಿಂತರು. ಮಾಡಿದ ಕೆಲಸಗಳಲ್ಲೆಲ್ಲ ಇದೇ ಕಷ್ಟದ್ದು! ಮೂಗು ತುರಿಸಿತು, ಕೆರೆದುಕೊಳ್ಳಲಿಲ್ಲ. ಎದುರಿನ ಕ್ಯಾಲೆಂಡರು ಓರೆಯಾಗಿತ್ತು, ಕಣ್ಣು ಮುಚ್ಚಿಕೊಂಡರು. ಮನೆ ನಿಶ್ಶಬ್ದವಾಯಿತು.

ಕರಿಕೋಟಿನ ಜೇಬಿನಿಂದ ಸಣ್ಣ ದನಿ ಬಂತು. "ಟರ್ರ್..."

ಮಗಳು ಒದ್ದೆ ಮಾಡಿಕೊಂಡ ಕೈಯನ್ನು ಮೆಲ್ಲನೆ ಜೇಬಿಗಿಳಿಸಿದಳು. ಒಂದು ಬಂತು. ಇನ್ನೊಂದು ಅದೇ ಕೋಟಿನ ತೋಳಿನಿಂದ ತಾನಾಗಿಯೇ ಇಣುಕಿತು. ಆಗಲೇ ಮೈಗೆ ಹೊಳಪು ಮರಳಿತ್ತು. ಕೈ ಬಿಚ್ಚಿ ಕಣ್ಣೊರೆಸಿಕೊಳ್ಳಲು ಉಳಿರಾಯರಿಗೆ ಹೆಂಡತಿಯ ಅಪ್ಪಣೆ ಇನ್ನೂ ಸಿಕ್ಕಿರಲಿಲ್ಲ.

ಡಾಕ್ಟರಮ್ಮ ಓಡೋಡಿ ಬರುವ ಹೊತ್ತಿಗೆ ತಾಯಿ ಮಗಳು ಅಟ್ಟದಲ್ಲಿ ಬಿದ್ದಿದ್ದ ಹಳೆಯ ಗಾಜಿನ ಮೀನುತೊಟ್ಟಿಯಲ್ಲಿ ಒದ್ದೆ ಮಣ್ಣು ಹಾಸಿ, ಅಗಲ ಎಲೆಯ ಗಿಡ ನೆಟ್ಟು, ಒಂದು ವಕ್ರ ಕೊಂಬೆ ಓರೆಯಾಗಿ ನಿಲ್ಲಿಸಿ, ಮೇಲೆ ಜಾಲರಿ ಮುಚ್ಚಿದ್ದರು. ಕಪ್ಪೆಗಳು ಎಲೆಯ ಮರೆಯಲ್ಲಿ ಕಾಲು ಮಡಚಿ ಹಾಯಾಗಿ ಕೂತಿದ್ದವು. ಡಾಕ್ಟರಮ್ಮ ಬಗ್ಗಿ ನೋಡಿದರು, ಗಾಜು ಮುಟ್ಟಿ ನೋಡಿದರು. ಆಮೇಲೆ ತೇಗದ ಅರಮನೆಯನ್ನೂ ಒಂದು ಸುತ್ತು ಹಾಕಿ ಬಂದರು, ಪಾಪ, ನಗಲಿಲ್ಲ.

"ತೊಟ್ಟಿ ಚೆನ್ನಾಗಿದೆ. ಕಪ್ಪೆಗಳು ಇಲ್ಲೇ ಇರಲಿ," ಎಂದರು. ಮಗಳು ಕುಣಿದಳು. "ಆದ್ರೆ ಒಂದು ಮಾತು. ಇವು ತುಂಬ ಅಂಜುಬುರುಕ ಜೀವಗಳು. ಮನೇಲಿ ಒಂದು ಕಡೆ ಕೂರದೆ ಕಂಡದ್ದನ್ನೆಲ್ಲಾ ಕೆದಕೋ ಪ್ರಾಣಿ ಏನಾದ್ರೂ ಇದೆಯಾ?"

"ಛೆ ಛೆ!" ಉಳಿರಾಯರು ಎದೆಯುಬ್ಬಿಸಿ ಮುಂದೆ ಬಂದರು. "ನಾಯಿ ಇಲ್ಲ, ಬೆಕ್ಕಿಲ್ಲ, ಒಂದು ಇಲಿಯೂ ಇಲ್ಲ ಡಾಕ್ಟರಮ್ಮ!" ಎನ್ನುತ್ತಲೇ ತೊಟ್ಟಿಯೊಳಗಿನ ವಕ್ರ ಕೊಂಬೆ ನೆಟ್ಟಗೆ ಮಾಡಲು ಜಾಲರಿಗೆ ಕೈ ಹಾಕಿದರು.

ಹೆಂಡತಿ ಆ ಕೈ ಹಿಡಿದುಕೊಂಡೇ ಡಾಕ್ಟರಮ್ಮನತ್ತ ತಿರುಗಿದರು.

"ಇದೆ ಡಾಕ್ಟರಮ್ಮ, ಒಂದೇ ಒಂದಿದೆ. ಇವತ್ತಿಂದ ಕಟ್ಟಿಹಾಕ್ತೀನಿ."