ಚುರುಕು ಗುಳಿಗೆ ಮತ್ತು ಸಂಜೆಯ ಅಳು

ನಿದ್ದೆ ಬರುವುದಿಲ್ಲ ಎನ್ನುವವರನ್ನು ಕಂಡರೆ ಜನ ಮರುಗುತ್ತಾರೆ. ನಿದ್ದೆ ಬರುತ್ತದೆ ಎನ್ನುವವರನ್ನು ಕಂಡರೆ ನಗುತ್ತಾರೆ. ಇದು ಯಾವ ನ್ಯಾಯವೋ ನನಗೆ ಇಂದಿಗೂ ತಿಳಿದಿಲ್ಲ. ನಾನು ಎರಡನೆಯ ಪಂಗಡದವನು. ಗೊಬ್ಬೂರಿನ ಶಾಲೆಯಲ್ಲಿ ಲೆಕ್ಕದ ಮಾಸ್ತರನಾಗಿದ್ದೆ. ಹೈದರಾಬಾದ ಸಂಸ್ಥಾನದ ಕಾಲ. ಲೆಕ್ಕವನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಮಾಡಿ, ಬಾಯಲ್ಲಿ ಉರ್ದುವಿನಲ್ಲಿ ಹೇಳಿ, ಹುಡುಗರ ಬಿಟ್ಟ ಕಣ್ಣು ನೋಡಿ ಮತ್ತೆ ಕನ್ನಡಕ್ಕೆ ತರಬೇಕು. ಇಷ್ಟು ತಿರುಗಾಟದ ಮೇಲೆ ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯ ಹೊಟ್ಟೆಗೆ ಬಿದ್ದರೆ ಯಾರ ಕಣ್ಣು ತಾನೇ ತೆರೆದಿದ್ದೀತು? ಒಂದು ದಿನ ಅಫಜಲಪುರದಿಂದ ಬಂದ ತಪಾಸಣೆಯ ಸಾಹೇಬರು, ಹಲಗೆಗೆ ಆತುಕೊಂಡು ಕೈಯಲ್ಲಿ ಬರೆಯುವ ಸುಣ್ಣದ ಖಡು ಹಿಡಿದೇ ನಿದ್ದೆಹೋಗಿದ್ದ ನನ್ನನ್ನು ಕಂಡರು. ಇನ್ನೊಮ್ಮೆ ಹೀಗಾದರೆ ಅದಿಲಾಬಾದಿನ ಕಾಡಿಗೆ ವರ್ಗ ಎಂದು ಹೇಳಿ ಹೋದರು.

ನನ್ನ ಹೆಂಡತಿ ಶಾಂತಾಬಾಯಿಗೆ ಬಸಣ್ಣ ಎಂಬ ತಮ್ಮನಿದ್ದಾನೆ. ಯುದ್ಧದಲ್ಲಿ ಬರ್ಮಾದ ಕಡೆ ಮಿಲಿಟರಿ ದವಾಖಾನೆಯಲ್ಲಿ ಕಂಪೌಂಡರನಾಗಿದ್ದು, ಯುದ್ಧ ಮುಗಿದ ಮೇಲೆ ಆಳಂದದಲ್ಲಿ ಸಣ್ಣ ಔಷಧದ ಅಂಗಡಿ ಇಟ್ಟಿದ್ದ. ನನ್ನ ಸಂಕಟ ಕೇಳಿ ಒಂದು ತಗಡಿನ ಡಬ್ಬಿ ತಂದುಕೊಟ್ಟ.

"ಮಾಮಾ, ಇವು ಚುರುಕಿನ ಗುಳಿಗಿ ಅವರಿ. ಸಿಪಾಯಿಗೋಳು ಇದನ್ನ ನುಂಗಿ ಹಗಲು ರಾತ್ರಿ ಎಚ್ಚರ ಇರ್ತಿದ್ರು. ದಿನಾ ಮುಂಜಾನಿ ಒಂದು ತಗೊಳ್ರಿ, ನಿದ್ದಿ ನಿಮ್ಮ ಓಣಿಗೇ ಬರಂಗಿಲ್ಲ."

ಬರಲಿಲ್ಲ. ಮೊದಲ ಗುಳಿಗೆ ನುಂಗಿದ ಬೆಳಿಗ್ಗೆ ನಾನು ಎಂಥ ಮನುಷ್ಯನಾದೆ ಎಂದರೆ, ಹೊತ್ತೇರುವುದರೊಳಗೆ ನೀರು ಸೇದಿ, ಹಿತ್ತಲು ಗುಡಿಸಿ, ಎಮ್ಮೆಗೆ ಮೈ ತೊಳೆದು, ಎಮ್ಮೆಗೇ ಅಪೂರ್ಣಾಂಕ ವಿವರಿಸುತ್ತಿದ್ದೆ. ಶಾಲೆಯಲ್ಲಿ ಹುಡುಗರಿಗೆ ಉಸಿರಾಡಲು ಬಿಡಲಿಲ್ಲ. ಹಸಿವೆ ಎಂಬುದೇ ಮರೆತುಹೋಯಿತು. ಆದರೆ ಹೊತ್ತು ಇಳಿಯುತ್ತಲೂ ನನಗೆ ಏನೋ ಆಗತೊಡಗಿತು. ಎದೆಯೊಳಗಿನದನ್ನೆಲ್ಲ ಯಾರೋ ಬಗ್ಗಿಸಿ ಚೆಲ್ಲಿದ ಹಾಗೆ. ಸಂಜೆ ಕಟ್ಟೆಯ ಮೇಲೆ ಕುಳಿತು, ದನಗಳು ಮನೆಗೆ ಬರುವುದನ್ನು ನೋಡಿ, ಪಾಪ, ನಾಳೆಯೂ ಇವು ಹೋಗಿ ನಾಳೆಯೂ ಬರಬೇಕಲ್ಲ ಎಂದು ಕಣ್ಣೀರು ಹಾಕಿದೆ. ಹೆಡ್ ಮಾಸ್ತರ್ ಸಾಹೇಬರು ನೋಡಿ ನೋಡಿ ಸಾಕಾಗಿ, "ಏನ್ ಮಾಸ್ತರ್, ಮುಂಜಾನಿ ಶೇರ್, ಸಂಜಿಗಿ ಇಲಿ! ಕ್ಯಾ ಬಾತ್ ಹೈ?" ಎಂದರು. ಬಾತ್ ಏನೆಂದು ನನಗೆ ಗೊತ್ತಿದ್ದರೆ ತಾನೇ?

ಗೊತ್ತಾಗದಿರುವುದಕ್ಕೆ ಕಾರಣವೂ ಇತ್ತು. ಆಗ ಊರಿನಲ್ಲಿ ಅಳು ಬಾರದವರು ಯಾರಿದ್ದರು? ಸೊಲ್ಲಾಪುರದ ಕಡೆಯವರಿಗೆ ಸ್ವಾತಂತ್ರ್ಯ ಬಂದು ತಿಂಗಳುಗಳಾಗಿದ್ದವು. ನಮಗೆ ಬಂದಿರಲಿಲ್ಲ. ಬರುತ್ತದೆ ಎಂದು ಕೆಲವರು, ಬರುವುದೇ ಇಲ್ಲ ಎಂದು ಕೆಲವರು, ಬಂದರೂ ಏನು ಮಾಡುವುದು ಎಂದು ಕೆಲವರು. ಗಲಭೆಗೆ ಹೆದರಿ ಹೆಂಗಸರನ್ನೂ ಮಕ್ಕಳನ್ನೂ ಗಾಡಿಯಲ್ಲಿ ಕೂರಿಸಿ ಗಡಿಯಾಚೆ ಕಳಿಸುವವರಿದ್ದರು. ನಾನು ಮುಂಜಾನೆ "ಇವತ್ತು ಸಂಜೆಯೊಳಗೆ ಸ್ವಾತಂತ್ರ್ಯ ಬಂತೆಂದೇ ತಿಳೀರಿ" ಎಂದು ಬಜಾರದಲ್ಲಿ ಸಾರುತ್ತಿದ್ದೆ. ಸಂಜೆ ಅದೇ ಬಜಾರದಲ್ಲಿ "ನಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುವುದಿಲ್ಲ" ಎಂದು ಗೋಡೆಗೆ ಒರಗುತ್ತಿದ್ದೆ. ಎರಡೂ ಮಾತಿಗೆ ತಲೆಯಾಡಿಸುವವರು ಸಿಗುತ್ತಿದ್ದರು. ಹೀಗಾಗಿ ನನ್ನ ದುಃಖ ನನ್ನದೋ, ಊರಿನದೋ, ಸಂಸ್ಥಾನದ್ದೋ ಎಂದು ವಿಂಗಡಿಸುವ ದಾರಿಯೇ ಇರಲಿಲ್ಲ.

ನನ್ನೊಬ್ಬನದೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಮನೆಯಲ್ಲಿ ತಂಗಿ ಕಸ್ತೂರಿ ಮದುವೆಗೆ ನಿಂತಿದ್ದಳು. ಅಪ್ಪ ತೀರಿಕೊಂಡಿದ್ದರಿಂದ ಅವಳನ್ನು ದಡ ಮುಟ್ಟಿಸುವ ಹೊಣೆ ನನ್ನದು. ಇಂಥ ಕಾಲದಲ್ಲಿ ವಯಸ್ಸಿಗೆ ಬಂದ ಹುಡುಗಿಯನ್ನು ಮನೆಯಲ್ಲಿಟ್ಟುಕೊಂಡು ಅವ್ವನಿಗೆ ಅನ್ನ ಸೇರುತ್ತಿರಲಿಲ್ಲ. ಮೊದಲು ಆಳಂದದ ಹತ್ತಿರದ ಕಿಣ್ಣಿ ಸುಲ್ತಾನದಿಂದ ಒಂದು ಮನೆಯವರು ಹೆಣ್ಣು ನೋಡಲು ಬಂದರು. ದುರ್ದೈವಕ್ಕೆ ಮುಂಜಾನೆ ಬಂದರು. ಅವರು ಕಸ್ತೂರಿಗೆ ಹಾಡು ಬರುತ್ತದೆಯೇ, ರೊಟ್ಟಿ ತಟ್ಟುತ್ತಾಳೆಯೇ ಎಂದು ಕೇಳುವುದರೊಳಗೆ, ಗುಳಿಗೆ ಏರಿದ್ದ ನಾನು ವರನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತು ಬಾಯಿಲೆಕ್ಕ ಕೇಳತೊಡಗಿದೆ. ಹುಡುಗ ಹನ್ನೆರಡರ ಮಗ್ಗಿ ದಾಟಿದ. ಹದಿಮೂರರಲ್ಲಿ ಎಂಟಕ್ಕೆ ಬಂದು ನಿಂತ. "ಹದಿಮೂರು ಎಂಟ್ಲೆ?" ಎಂದೆ. ಅವನು ಅವನಪ್ಪನ ಮುಖ ನೋಡಿದ. ನಾನು ಅವನಪ್ಪನನ್ನೇ ಕೇಳಿದೆ. ಅವರು ಚಹಾ ಕುಡಿಯದೆ ಎದ್ದರು. ಒಳಗೆ ಬಾಗಿಲ ಹಿಂದೆ ಕಸ್ತೂರಿ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳಂತೆ. ಅವ್ವ ನಗಲಿಲ್ಲ.

"ಲೇ ತಮ್ಮಾ, ಅವರು ಹೆಣ್ಣು ನೋಡಾಕ ಬಂದಿದ್ರೋ, ನಿನ್ನ ಸಾಲಿಗಿ ಹೆಸರು ಹಚ್ಚಾಕ ಬಂದಿದ್ರೋ? ಇನ್ನ ಆಕಿನ್ನ ಯಾರ ಕೇಳ್ತಾರ?"

ಆ ಸಂಜೆ ನಾನು ಅವ್ವನಿಗಿಂತ ಹೆಚ್ಚು ಅತ್ತೆ. ನನ್ನಂಥವನು ಅಣ್ಣನಾಗಿದ್ದಕ್ಕೆ ಕಸ್ತೂರಿ ಕನ್ಯೆಯಾಗಿಯೇ ಮುದುಕಿಯಾಗುವ ಚಿತ್ರ ಕಣ್ಣೆದುರು ಬಂತು. ಮರುದಿನ ಬೆಳಿಗ್ಗೆ ಗುಳಿಗೆ ನುಂಗಿದ ಮೇಲೆ, ಮಗ್ಗಿ ಬಾರದವನು ತಪ್ಪಿದ್ದೇ ಒಳ್ಳೆಯದಾಯಿತು ಎನ್ನಿಸಿತು.

ಮುಂದೆ ಜೇವರ್ಗಿಯ ಸಿದ್ರಾಮಪ್ಪನವರು ತಮ್ಮ ಮಗನಿಗೆ ಹೆಣ್ಣು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಮುಂಜಾನೆ ಬರುವವರು. ಅವತ್ತೊಂದು ದಿನ ಬಾಯಿ ಬಿಡಕೂಡದೆಂದು ಶಾಂತಾಬಾಯಿ ನನ್ನಿಂದ ಆಣೆ ಮಾಡಿಸಿದ್ದಳು. ಆದರೆ ಭೀಮಾ ನದಿ ದಾಟುವ ಕಡವಿನಲ್ಲಿ ಪೊಲೀಸರು ಪ್ರತಿ ಗಾಡಿಯನ್ನೂ ಇಳಿಸಿ ಏರಿಸಿ ನೋಡುತ್ತಿದ್ದ ಕಾಲ. ಅವರು ನಮ್ಮ ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತಾಗಿತ್ತು. ನನ್ನ ಗುಳಿಗೆ ಪೂರ್ತಿ ಇಳಿದಿತ್ತು. ಎಲ್ಲರ ಮುಂದೆ ಚುರುಮುರಿ ಸುಸಲಾದ ತಟ್ಟೆ ಇಟ್ಟರು. ನನ್ನ ತಟ್ಟೆಯಲ್ಲಿ ಅಷ್ಟೊಂದು ಚುರುಮುರಿಯ ನಡುವೆ ಒಂದೇ ಒಂದು ಶೇಂಗಾ ಇತ್ತು. ಅದನ್ನೇ ನೋಡುತ್ತ ಕುಳಿತೆ.

ಸಿದ್ರಾಮಪ್ಪನವರು ಗಂಟಲು ಸರಿಮಾಡಿಕೊಂಡು, "ಮಾಸ್ತರ್ರೇ, ಸುಮ್ನ ಯಾಕ ಕುಂತೀರಿ? ನಿಮ್ಮ ತಂಗೀ ಬಗ್ಗೆ ನಾಕ ಮಾತು ಹೇಳ್ರಿ" ಎಂದರು.

ನಾನು ತಲೆ ಎತ್ತಿದೆ. ಅಷ್ಟು ಚುರುಮುರಿಯ ನಡುವೆ ಒಂಟಿಯಾದ ಆ ಶೇಂಗಾದ ನೆನಪಾಯಿತು. "ಏನ್ ಹೇಳ್ಲಿರಿ..." ಎಂದವನೇ ಗಳಗಳನೆ ಅತ್ತುಬಿಟ್ಟೆ. ಒಳಗಿನಿಂದ ಅವ್ವ ಹಣೆ ಬಡಿದುಕೊಂಡ ಸದ್ದು ಸ್ಪಷ್ಟವಾಗಿ ಕೇಳಿಸಿತು. ನೋಡಿದರೆ ಸಿದ್ರಾಮಪ್ಪನವರು ತಲೆಯ ಪಟಗದ ಚುಂಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ! "ಸಾಕ್ರಿ, ಇನ್ನೇನು ಕೇಳಂಗಿಲ್ಲ. ತಂಗೀ ಮ್ಯಾಲ ಇಷ್ಟ ಜೀವ ಇಟ್ಟ ಅಣ್ಣ ಇದ್ದಾನಂದ್ರ ಈ ಮನೀ ಹೆಣ್ಣು ಎಂಥಾದಿರಬೇಕು? ಸಕ್ಕರಿ ತರ್ರಿ" ಎಂದರು. ಸಕ್ಕರೆ ಬಾಯಿಗೆ ಬಿದ್ದಾಗಲೂ ನಾನು ಅಳುತ್ತಲೇ ಇದ್ದೆ. ಶೇಂಗಾದ ವಿಷಯ ಇದುವರೆಗೆ ಯಾರಿಗೂ ಹೇಳಿಲ್ಲ.

ಸಂಬಂಧ ಗಟ್ಟಿಯಾದ ಮೇಲೂ ನನ್ನ ಸಂಜೆಯ ಅಳು ನಿಲ್ಲದಿದ್ದಾಗ ಅವ್ವನಿಗೆ ದಿಗಿಲಾಯಿತು. ನನಗೆ ಗಾಳಿ ಸೋಕಿದೆ, ಗಾಣಗಾಪುರಕ್ಕೆ ಒಯ್ಯಬೇಕು ಎಂದಳು. ಗಾಳಿ ಹಿಡಿದವರನ್ನು ದತ್ತಾತ್ರೇಯರ ಗುಡಿಯಲ್ಲಿ ಮಧ್ಯಾಹ್ನದ ಆರತಿಗೆ ನಿಲ್ಲಿಸಿದರೆ, ಗಂಟೆ ಬಾರಿಸುತ್ತಲೇ ಒಳಗಿದ್ದದ್ದು ಕೂಗಿಕೊಂಡು ಹೊರಬೀಳುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಗಾಡಿ ಕಟ್ಟಿದೆವು. ಆಳಂದದಿಂದ ಬಸಣ್ಣನೂ ಜೊತೆಗೆ ಬಂದ. ನಾನು ಹೊರಡುವ ಮುಂಚೆ ರೂಢಿಯಂತೆ ಗುಳಿಗೆ ನುಂಗಿ, ಡಬ್ಬಿಯನ್ನು ಕೋಟಿನ ಕಿಸೆಯಲ್ಲಿಟ್ಟುಕೊಂಡಿದ್ದೆ.

ಆರತಿ ಶುರುವಾಯಿತು. ಸುತ್ತಲೂ ಕೆಲವರು ಕೂಗಿದರು, ಕೆಲವರು ಕಂಬ ಹತ್ತಿದರು. ನಾನು ಮಾತ್ರ ಅಂಥ ಉತ್ಸಾಹದಲ್ಲಿದ್ದೆ! ಕಂಬ ಹತ್ತಿದವನೊಬ್ಬನಿಗೆ ಕೈ ಎಲ್ಲಿ ಹಿಡಿಯಬೇಕೆಂದು ಕೆಳಗಿನಿಂದ ಹೇಳಿಕೊಟ್ಟೆ, ಪೂಜಾರಿಗೆ ಗದ್ದಲವಿಲ್ಲದೆ ಸಾಲು ನಿಲ್ಲಿಸುವ ಬಗೆ ತಿಳಿಸಿದೆ. ಪೂಜಾರಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಅವ್ವನಿಗೆ, "ಇವರಿಗೇನೂ ಆಗಿಲ್ಲಮ್ಮ. ಕರ್ಕೊಂಡು ಹೋಗ್ರಿ, ಲಗೂನ ಕರ್ಕೊಂಡು ಹೋಗ್ರಿ" ಎಂದ.

ಊರ ಹೊರಗೆ ಗಾಡಿ ಬಂದು, ಬಿಸಿಲು ತಗ್ಗುತ್ತಲೇ ನನಗೆ ಎತ್ತುಗಳ ಬಾಲ ನೋಡಿ ಅಳು ಬಂತು. "ನೋಡ್ರಿ, ಗುಡಿಯಾಗ ಅಡಗಿ ಕುಂತಿತ್ತು, ಹೊರಗ ಬಂದ ಕೂಡ್ಲೇ ಹಿಡೀತು!" ಎಂದು ಅವ್ವ ಬಾಯಿ ಬಡಿದುಕೊಂಡಳು. ಬಸಣ್ಣ ಒಮ್ಮೆ ನನ್ನನ್ನು, ಒಮ್ಮೆ ಸೂರ್ಯನನ್ನು ನೋಡಿದ. ಅವನ ಮುಖ ಸಣ್ಣದಾಯಿತು.

"ಮಾಮಾ, ಸಿಟ್ಟಾಗಬ್ಯಾಡ್ರಿ. ಗುಳಿಗಿ ಇಳಿಯಾಕತ್ತದ. ನಮ್ಮ ಡಾಕ್ಟರ್ ಸಾಹೇಬರು ಹೇಳ್ತಿದ್ರು, ಇದು ಎಷ್ಟು ಏರಸ್ತದ, ಇಳಿಯೋವಾಗ ಅಷ್ಟು ಆಳಕ್ಕ ಕೆಡವ್ತದಂತ. ಭಾಳ ದಿನ ತಗೊಂಡವರು ಹಾಸಿಗಿ ಹಿಡದು ಮಾತ ಬಿಟ್ಟದ್ದೂ ಅದ."

"ಇದನ್ನ ಮೊದಲ ಹೇಳಾಕ ನಿನಗೇನಾಗಿತ್ತೋ?"

"ಮಿಲಿಟರಿಯಾಗ ಅಳಾಕ ಪರ್ಮಿಶನ್ ಇರಲಿಲ್ರಿ ಮಾಮಾ. ಅದಕ್ಕ ನಾ ಅಷ್ಟ ಧ್ಯಾನ ಕೊಡ್ಲಿಲ್ಲ."

ಅವ್ವ ಈ ವಿವರಣೆಯಲ್ಲಿ ತನಗೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಂಡಳು. ಗಾಳಿ ಡಬ್ಬಿಯಲ್ಲಿದೆ! ಗಾಡಿ ತಿರುಗಿಸಿದಳು. ನನ್ನ ಕಿಸೆಗೆ ಕೈಹಾಕಿ ಡಬ್ಬಿ ಕಿತ್ತು ಭೀಮಾ ನದಿಗೆ ಎಸೆದು, ಹಿಂದೆ ತಿರುಗಿ ನೋಡದೆ ಬಂದಳು. ಆಮೇಲೆ ನಾನು ದಿನಗಟ್ಟಲೆ ಮಲಗಿದೆ. ಎದ್ದರೂ ಮನಸ್ಸು ಎದ್ದಿರಲಿಲ್ಲ. ಯಾವುದೂ ಬೇಡ, ಯಾರೂ ಬೇಡ ಎನ್ನಿಸುತ್ತಿತ್ತು. ಈ ಕತ್ತಲೆಯಲ್ಲಿ ಅಳುವೂ ಇರಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಗುತ್ತಿತ್ತು. ಕಸ್ತೂರಿ ಗಂಜಿ ತಂದು ಪಕ್ಕದಲ್ಲಿ ಕುಳಿತು ಏನಾದರೊಂದು ಹೇಳುತ್ತಿದ್ದಳು. ನಾನು ಉತ್ತರ ಕೊಡದಿದ್ದರೂ ಹೇಳುತ್ತಿದ್ದಳು. ಬರಬರುತ್ತ ಗಂಜಿಗೆ ರುಚಿ ಬಂತು. ಕೊನೆಗೊಂದು ಮಧ್ಯಾಹ್ನ ಶಾಲೆಯಲ್ಲಿ ಹಲಗೆಗೆ ಒರಗಿ ಹಾಯಾಗಿ ನಿದ್ದೆಹೋದೆ. ಹೆಡ್ ಮಾಸ್ತರ್ ಸಾಹೇಬರು ಎಬ್ಬಿಸದೆ ಹುಡುಗರಿಗೆ ಸದ್ದು ಮಾಡಬೇಡಿ ಎಂದರಂತೆ.

ಬೇಸಿಗೆಯಲ್ಲಿ ಮದುವೆ ಗೊತ್ತಾಯಿತು. ಆಗ ಹೊಸ ಪೇಚು. ಹೆಣ್ಣಿನ ಅಣ್ಣ ಅಳುವುದನ್ನು ಕಂಡೇ ಸಂಬಂಧ ಒಪ್ಪಿದ್ದಾಗಿ ಸಿದ್ರಾಮಪ್ಪನವರು ಜೇವರ್ಗಿಯ ತುಂಬ ಹೇಳಿಕೊಂಡು ಬಂದಿದ್ದರು. ಹೆಣ್ಣು ಒಪ್ಪಿಸುವಾಗ ನನ್ನನ್ನು ನೋಡಲೆಂದೇ ಬೀಗರ ಕಡೆಯ ಹೆಂಗಸರು ಮುಂದೆ ಬಂದು ಕುಳಿತಿದ್ದರು. ನನ್ನ ಕಣ್ಣೋ ಒಣಗಿದ ಹಳ್ಳ. ಗುಳಿಗೆ ಬಿಟ್ಟ ಮೇಲೆ ಒಂದು ಹನಿ ಬಂದಿರಲಿಲ್ಲ. ಇವತ್ತು ಅಳದಿದ್ದರೆ, ಅವತ್ತಿನದು ನಾಟಕವೆಂದು ನಾಳೆ ಕಸ್ತೂರಿಯನ್ನು ಆ ಮನೆಯಲ್ಲಿ ಹಂಗಿಸದೆ ಬಿಡುತ್ತಾರೆಯೇ? ಯಾವುದಕ್ಕೂ ಇರಲಿ ಎಂದು ಅಡಿಗೆಯ ಮೂಲೆಯಿಂದ ಒಂದು ಉಳ್ಳಾಗಡ್ಡಿ ಎತ್ತಿ ಕೋಟಿನ ಕಿಸೆಗೆ ಹಾಕಿಕೊಂಡೆ.

ಹೊತ್ತು ಬಂತು. ಅವ್ವ ಕಸ್ತೂರಿಯ ಕೈಯನ್ನು ನನ್ನ ಕೈಗಿತ್ತಳು. ನಾನು ಅದನ್ನು ಸಿದ್ರಾಮಪ್ಪನವರ ಕೈಗೆ ಕೊಡಬೇಕು. ಎಲ್ಲರ ಕಣ್ಣೂ ನನ್ನ ಮೇಲೆ. ನಾನು ಇನ್ನೊಂದು ಕೈಯನ್ನು ಮೆಲ್ಲನೆ ಕಿಸೆಯ ಕಡೆ ಒಯ್ಯುತ್ತಿದ್ದೆ. ನನ್ನ ಪೇಚಾಟ ಅವಳಿಗೆ ತಿಳಿಯಿತೆಂದು ಕಾಣುತ್ತದೆ. ಬಾಸಿಂಗದ ಕೆಳಗಿನಿಂದ, ನನಗೊಬ್ಬನಿಗೇ ಕೇಳುವಂತೆ, ಕಸ್ತೂರಿ ಅಂದಳು:

"ಅಣ್ಣಾ, ಹದಿಮೂರು ಎಂಟ್ಲೆ ಎಷ್ಟೋ?"

ನೂರಾ ನಾಲ್ಕು ಎನ್ನಲು ಬಾಯಿ ತೆರೆದೆ. ನೂರಾ ಎಂದೆ, ನಾಲ್ಕು ಬರಲಿಲ್ಲ. ಈ ಹುಡುಗಿ ನಾಳೆಯಿಂದ ನಮ್ಮ ಬಾಗಿಲ ಹಿಂದೆ ನಗುವುದಿಲ್ಲ ಎಂಬುದು ಅವತ್ತು ಮೊದಲ ಸಲ ನನಗೆ ತಿಳಿಯಿತು. ಅತ್ತೆ. ಹೇಗೆ ಅತ್ತೆ ಎಂದರೆ ಬೀಗರ ಹೆಂಗಸರಿಗೆ ಸಮಾಧಾನವಾಗಿ, ಆಮೇಲೆ ಸಾಕಾಗಿ, ಕೊನೆಗೆ ಅವರೇ ನನ್ನನ್ನು ಸುಮ್ಮನಿರಿಸಬೇಕಾಯಿತು.

ಗಾಡಿಗಳು ಹೋದ ಮೇಲೆ ಶಾಂತಾಬಾಯಿ ನನ್ನನ್ನು ಒಳಗೆ ಕರೆದಳು.

"ಖರೇ ಹೇಳ್ರಿ. ಮತ್ತ ಆ ಗುಳಿಗಿ ಎಲ್ಲಿಂದ ತಂದ್ರಿ?"

"ಇಲ್ಲ ಮಾರಾಯ್ತಿ, ಇದು ನಂದೇ ಅಳು."

"ನಿಮ್ಮದಂತ ಯಾರ ನಂಬ್ತಾರ?" ಎಂದು ಕೋಟಿನ ಕಿಸೆಗೆ ಕೈಹಾಕಿದಳು. ಕೈಯಲ್ಲಿ ಉಳ್ಳಾಗಡ್ಡಿ ಬಂತು. ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಅನ್ಕೊಂಡೆ" ಎಂದಷ್ಟೇ ಹೇಳಿ ಅಡಿಗೆಮನೆಗೆ ಹೋದಳು.

ಉಳ್ಳಾಗಡ್ಡಿಯ ಸುದ್ದಿ ಜೇವರ್ಗಿಯವರೆಗೂ ಹೋಗಿದೆ. ಈಗಲೂ ಬೀಗರು ಸಿಕ್ಕಾಗ "ಮಾಸ್ತರ್ರೇ, ಕಿಸೆದಾಗ ಏನದ?" ಎಂದು ನಗುತ್ತಾರೆ. ಸುಳ್ಳು ಅಳುವಿಗೆ ಸಕ್ಕರೆ ತಿನ್ನಿಸಿದ ಜನ, ನಿಜವಾಗಿ ಅತ್ತದ್ದಕ್ಕೆ ಹೀಗನ್ನುತ್ತಾರೆ. ಆ ಉಳ್ಳಾಗಡ್ಡಿಯ ಸಿಪ್ಪೆ ಕೂಡ ಸುಲಿದಿರಲಿಲ್ಲ. ಅದನ್ನು ಯಾರೂ ನೋಡಲೇ ಇಲ್ಲ. ಹೇಳೋಣವೆಂದರೆ, ಶಾಂತಾಬಾಯಿ ಅದನ್ನು ಆಗಲೇ ಹೆಚ್ಚಿ ಪಲ್ಯಕ್ಕೆ ಹಾಕಿದ್ದಳು.